ಕೇಳದೆ ಬರೆದ ಆಮೆನ್

ಪಡಿತರ ಅಂಗಡಿ ಮೂರು ದಿನ ತೆರೆಯುವುದಿಲ್ಲ ಎಂದು ನಮ್ಮ ಚರ್ಚಿನ ಗ್ರೂಪಿನಲ್ಲಿ ಯಾರೋ ಹಾಕಿದ್ದರು. ಅದರ ಕೆಳಗೆ ಸಾಲಾಗಿ ‘ಆಮೆನ್’, ‘ಆಮೆನ್’, ‘ಆಮೆನ್’. ಮಾನ್ವಿಯ ತರಬೇತಿ ಒಂದು ವಾರ ಮುಂದಕ್ಕೆ ಹೋಗಿದೆ ಎಂದು ನಾನು ಹಾಕಿದೆ. ಅದಕ್ಕೂ ಆಮೆನ್, ಜೊತೆಗೆ ಮುಗಿದ ಕೈಗಳ ಚಿತ್ರ. ಮಳೆಗೆ ಬಿದ್ದ ಶಾಲೆಯ ಗೋಡೆಯ ಫೋಟೋಗೂ ಆಮೆನ್. ನಾನು ಕೆಲಸ ಮಾಡಬೇಕಿದ್ದದ್ದು ಈ ಜನರನ್ನು ಕಟ್ಟಿಕೊಂಡು.

ಕೆಲಸ ಇಷ್ಟು. ನಾನು ರಾಯಚೂರಿನಲ್ಲಿ ನಮ್ಮ ಧರ್ಮಕ್ಷೇತ್ರದ ಮಾಧ್ಯಮ ವಿಭಾಗ ನೋಡಿಕೊಳ್ಳುವವಳು. ವಿಭಾಗ ಎಂದರೆ ಚರ್ಚಿನ ಆವರಣದಲ್ಲಿ ಒಂದು ಕೋಣೆ, ಒಂದು ಹಳೆಯ ಕಂಪ್ಯೂಟರ್, ಮತ್ತೆ ನಾನು. ನಮ್ಮ ಕಥೋಲಿಕರು ಫೋನಿನಲ್ಲಿ ಸಂತರ ಪಟ, ಶುಭೋದಯದ ಹೂವು ಕಳಿಸುವುದರಲ್ಲೇ ನಿಂತಿದ್ದಾರೆ, ತಮ್ಮ ಊರಿನ ಕಷ್ಟವನ್ನು ನಾಲ್ಕು ಜನಕ್ಕೆ ಮುಟ್ಟುವಂತೆ ಹೇಳುವುದನ್ನೂ ಕಲಿಯಲಿ ಎಂದು ಮೇಲಿನಿಂದ ಅಪ್ಪಣೆಯಾಯಿತು. ರಾಯಚೂರು, ಮಾನ್ವಿ, ದೇವದುರ್ಗ ಮೂರೂ ಕಡೆಯಿಂದ ಅರವತ್ತು ಜನರನ್ನು ಆರಿಸಿಕೊಂಡೆ. ಹೆಚ್ಚಿನವರು ಹೆಂಗಸರು. ಕೂಲಿ ಮಾಡುವವರು, ಹೊಲಿಗೆ ಹಾಕುವವರು, ಬಿಸಿಯೂಟ ಬೇಯಿಸುವವರು.

ರಾಯಚೂರಿನ ಮೊದಲ ತರಬೇತಿಯ ದಿನ ನಾನು ಶುರು ಮಾಡಿದ್ದೇ ಆಮೆನ್ನಿನಿಂದ. ಇನ್ನು ಮುಂದೆ ಯಾರೂ ಪೋಸ್ಟಿನ ಕೆಳಗೆ ಆ ಪದ ಬರೆಯಕೂಡದು ಎಂದೆ. ದೇವದುರ್ಗ ತಾಲ್ಲೂಕಿನ ಒಂದು ಹಳ್ಳಿಯಿಂದ ಬಂದಿದ್ದ ಉಪದೇಶಿ ಎದ್ದು ನಿಂತರು. ಫಾದರ್ ಬರಲಾಗದ ಭಾನುವಾರಗಳಲ್ಲಿ ಹಳ್ಳಿಯ ಪ್ರಾರ್ಥನೆ ನಡೆಸುವವರು ಅವರೇ. ಅರವತ್ತು ದಾಟಿದ ಮನುಷ್ಯ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಿಸೆಯಲ್ಲಿ ಎರಡು ಪೆನ್ನು.

“ಅಕ್ಕಾರ, ಆಮೆನ್ ಅಂದ್ರ ಹಂಗೇ ಆಗ್ಲಿ ಅಂತ ಅರ್ಥ. ಅದ್ರಾಗ ತಪ್ಪೇನದರಿ?”

“ಪಡಿತರ ಅಂಗಡಿ ಮುಚ್ಚ್ಯಾದ ಅಂದ್ರ ಹಂಗೇ ಆಗ್ಲಿ ಅಂತೀರೇನ್ರಿ?”

ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ಉಪದೇಶಿ ನಗಲಿಲ್ಲ. “ನಾವ್ ನೋಡೇವಿ ಅಂತ ತಿಳಿಸಾಕ ಹಾಕ್ತೀವ್ರಿ. ಅಷ್ಟೇ” ಎಂದು ಕೂತರು. ಅವರ ಮಾತಿನಲ್ಲಿ ಹುರುಳಿತ್ತು. ಚರ್ಚಿನಲ್ಲಿ ಗುರುಗಳು ಮುಗಿಸಿದ ಕೂಡಲೇ ಸಭೆ ಒಂದೇ ದನಿಯಲ್ಲಿ ಅನ್ನುವುದು ಅದನ್ನೇ, ಹುಟ್ಟಿದಾಗಿನಿಂದ ನಾಲಗೆಗೆ ಆ ರೂಢಿ. ಆದರೆ ನನಗೆ ಆಗ ಗೆದ್ದ ಖುಷಿ. ಅವರ ಮಾತನ್ನು ಅಲ್ಲಿಗೇ ಬಿಟ್ಟು ಪಾಠಕ್ಕೆ ಇಳಿದೆ.

ಪಾಠ ಸರಳವಾಗಿತ್ತು. ಒಂದು ಪೋಸ್ಟಿನಲ್ಲಿ ನಾಲ್ಕು ಸಂಗತಿ ಇರಬೇಕು: ಎಲ್ಲಿ, ಯಾವತ್ತು, ಕಣ್ಣಾರೆ ಕಂಡದ್ದು ಏನು, ಯಾರಿಂದ ಏನು ಬೇಕು. ಅಯ್ಯೋ ಪಾಪ ಬೇಡ, ಬೈಗುಳ ಬೇಡ. ಫೋಟೋದಲ್ಲಿ ಊರಿನವರು ಗುರುತಿಸುವ ಒಂದು ವಸ್ತು ಕಾಣಬೇಕು, ಕಾಲುವೆಯ ನಂಬರ್ ಕಲ್ಲೋ ಶಾಲೆಯ ಬೋರ್ಡೋ. ವಿಡಿಯೋ ಎರಡು ನಿಮಿಷ ಮೀರಬಾರದು, ದನಿ ಹಾಕದೆ ನೋಡುವವರಿಗಾಗಿ ಮಾತನ್ನು ಕೆಳಗೆ ಅಕ್ಷರದಲ್ಲಿ ಕೊಡಬೇಕು. ಇದರ ಜೊತೆಗೆ ಇನ್ನೊಂದು ನಿಯಮವನ್ನೂ ಹಾಕಿದೆ. ಧರ್ಮಕ್ಷೇತ್ರದ ನಮ್ಮ ಪೇಜಿನಲ್ಲಿ ಏನು ಬಂದರೂ ಅರವತ್ತು ಜನವೂ ಮೊದಲ ಒಂದು ಗಂಟೆಯೊಳಗೆ ಅದರ ಕೆಳಗೆ ಏನಾದರೂ ಬರೆಯಲೇಬೇಕು. ಮೊದಲ ಗಂಟೆಯಲ್ಲಿ ಯಾರೂ ಮುಟ್ಟದ ಪೋಸ್ಟು ಆಮೇಲೆ ಯಾರ ಕಣ್ಣಿಗೂ ಬೀಳುವುದಿಲ್ಲ ಎಂದು ಬೋರ್ಡಿನ ಮೇಲೆ ಬರೆದು ಎರಡು ಗೆರೆ ಎಳೆದೆ. ಆ ಎರಡು ಗೆರೆ ನೆನೆಸಿಕೊಂಡರೆ ಈಗಲೂ ನಾಚಿಕೆಯಾಗುತ್ತದೆ.

ಊಟದ ಹೊತ್ತಿಗೆ ಉಪದೇಶಿ ನನ್ನ ಹತ್ತಿರ ಬಂದರು. ತಮ್ಮೂರಿನ ಸಮಾಧಿ ಜಾಗಕ್ಕೆ ದಾರಿ ಇಲ್ಲ ಎಂದರು.

ಆ ಹಳ್ಳಿಯಲ್ಲಿ ನಮ್ಮವು ಮೂವತ್ತರ ಆಸುಪಾಸು ಮನೆ. ಸಮಾಧಿ ಜಾಗ ಊರ ಹೊರಗೆ, ಕಾಲುವೆಯ ಆಚೆ. ಒಣಬೇಸಾಯದ ಕಾಲದಲ್ಲಿ ದಾರಿಯ ಮಾತೇ ಇರಲಿಲ್ಲ, ಹೊಲದ ನಡುವಿನ ಬಂಡಿದಾರಿಯಲ್ಲಿ ಹೆಣ ಹೊತ್ತುಕೊಂಡು ಹೋಗುತ್ತಿದ್ದರು. ಕಾಲುವೆಗೆ ನೀರು ಬಂತು, ಹೊಲಗಳು ಭತ್ತದ ಗದ್ದೆಯಾದವು, ನೆಲ ಸಮ ಮಾಡುವಾಗ ಬಂಡಿದಾರಿಯೂ ಗದ್ದೆಯೊಳಗೆ ಸೇರಿಹೋಯಿತು. ಈಗ ಉಳಿದಿರುವುದು ಬದು ಮಾತ್ರ. ಬದುವಿನ ಮೇಲೆ ಒಬ್ಬ ಮನುಷ್ಯ ನಡೆಯಬಹುದು. ಪೆಟ್ಟಿಗೆ ಹೊರಲು ನಾಲ್ವರು ಬೇಕು, ಇಬ್ಬಿಬ್ಬರು ಎರಡು ಸಾಲು. ಹಾಗಾಗಿ ಮಳೆಗಾಲದಲ್ಲಿ ಸತ್ತವರನ್ನು ಮೊಣಕಾಲುದ್ದ ಕೆಸರಿನಲ್ಲಿ ಇಳಿದೇ ಒಯ್ಯಬೇಕು. ಸೆಪ್ಟೆಂಬರಿನಲ್ಲಿ ಒಬ್ಬ ಮುದುಕ ತೀರಿಕೊಂಡಾಗ ಪೆಟ್ಟಿಗೆಯೇ ಗದ್ದೆಯಲ್ಲಿ ಬಿದ್ದಿತ್ತು.

“ಅವನ ಹೆಂಡ್ತಿ ಅದಾಳ್ರಿ. ಮಾತಾಡ್ತಾಳ” ಎಂದರು ಉಪದೇಶಿ.

ಮರುವಾರ ಬಸ್ಸು ಹಿಡಿದು ಹೋದೆ. ಅಜ್ಜಿಗೆ ಎಪ್ಪತ್ತೈದೋ ಎಂಬತ್ತೋ, ಆಕೆಗೂ ಗೊತ್ತಿಲ್ಲ. ಬೆನ್ನು ಬಾಗಿದೆ, ಕಣ್ಣು ಮಾತ್ರ ಚುರುಕು. ಗದ್ದೆಯ ಅಂಚಿನಲ್ಲಿ ಕೂರಿಸಿ, ಹಿಂದೆ ಕಾಲುವೆಯ ಕಲ್ಲು ಕಾಣುವಂತೆ ಫೋನು ಹಿಡಿದೆ. ಗಾಳಿ ಜೋರಿತ್ತು, ಫೋನಿನ ಮೈಕಿಗೆ ಕರ್ಚೀಫು ಸುತ್ತಿದೆ. ಅಜ್ಜಿ ಮೊದಲು ಶಿಲುಬೆ ಗುರುತು ಹಾಕಿಕೊಂಡು ನಿಧಾನವಾಗಿ ಒಂದು ಪ್ರಾರ್ಥನೆ ಹೇಳಿದಳು. ಆಮೇಲೆ ಮಾತಿಗೆ ಬಂದಳು.

“ನಾಕು ಮಂದಿ ಹೆಗಲು ಕೊಟ್ಟಿದ್ರು. ಮುಂದಿನವನ ಕಾಲು ಹುಗೀತು, ಪೆಟಗಿ ವಾಲಿತು. ನಮ್ಮ ಮುದುಕ ಕೆಸರಿನ್ಯಾಗ ಬಿದ್ದ. ಬದುಕಿದ್ದಾಗ ಈ ಗದ್ದ್ಯಾಗ ಕೂಲಿ ಮಾಡಿದಾಂವ, ಸತ್ತ ಮ್ಯಾಲೂ ಇದ್ರಾಗ ಬಿದ್ದ. ನಾ ಹೋಗೂದೂ ಇದೇ ದಾರಿಗ್ರಿ. ನಂದೇನು ಭಾಳ ದಿನ ಇಲ್ಲ. ನನ್ನ ಬೀಳಸಬ್ಯಾಡ್ರಿ. ಇಷ್ಟ ಕೇಳ್ತೀನಿ.”

ನನ್ನ ಕಣ್ಣು ಒದ್ದೆಯಾಯಿತು. ಸಾಕು ಯವ್ವಾ ಎಂದು ಫೋನು ಕೆಳಗಿಳಿಸಿದೆ. ನಿಲ್ಲಿಸುವ ಗುಂಡಿ ಒತ್ತುವುದು ಮರೆತಿದ್ದೆ. ಅಷ್ಟರಲ್ಲಿ ಅಜ್ಜಿ ಎದ್ದು ನಿಂತು, ಗದ್ದೆಯ ಕಡೆ ನೋಡಿ, ತನ್ನಷ್ಟಕ್ಕೆ ಇನ್ನೊಂದು ಮಾತು ಹೇಳಿದಳು.

“ಈ ದಾರಿ ತಡದವ್ರ ಹೆಣಾನೂ ಇದೇ ಕೆಸರಿನ್ಯಾಗ ಬೀಳ್ಲಿ, ಯೇಸಪ್ಪಾ.”

ರಾಯಚೂರಿಗೆ ಬಂದು ಕೇಳಿದಾಗಲೇ ಅದು ರೆಕಾರ್ಡ್ ಆಗಿದ್ದು ಗೊತ್ತಾಯಿತು. ಮೊದಲಿನ ಪ್ರಾರ್ಥನೆಯನ್ನೂ ಕೊನೆಯ ಆ ಮಾತನ್ನೂ ಕತ್ತರಿಸಿದೆ, ನಡುವಿನದನ್ನು ಉಳಿಸಿಕೊಂಡೆ. ಮೂಲ ಪ್ರತಿ ಎರಡು ಕಡೆ ಇರಲಿ ಎಂದು ಉಪದೇಶಿಯ ಫೋನಿಗೂ ಕಳಿಸಿದೆ. ಅಕಸ್ಮಾತ್ ನನ್ನದು ಹಾಳಾದರೆ ಎಂಬ ಮುನ್ನೆಚ್ಚರಿಕೆ. ಇದನ್ನು ಯಾರಿಗೂ ತೋರಿಸಬೇಡಿ ಎಂದು ಒಂದು ಸಾಲು ಬರೆಯಬೇಕೆಂದು ನನಗೆ ಹೊಳೆಯಲೇ ಇಲ್ಲ.

ಕತ್ತರಿಸಿದ ವಿಡಿಯೋ ಪೇಜಿನಲ್ಲಿ ಹೋಯಿತು. ನಮ್ಮ ಅರವತ್ತು ಜನ ಕಲಿತದ್ದನ್ನು ಮಾಡಿದರು. ಮಾನ್ವಿಯ ಹೊಲಿಗೆಯಾಕೆ ಬರೆದದ್ದು ನನಗೆ ಬಾಯಿಪಾಠವಾಗಿದೆ: ‘ನಮ್ಮೂರಿನ ಸಮಾಧಿ ಜಾಗಕ್ಕೂ ಹಿಂದೆ ದಾರಿ ಇರಲಿಲ್ಲ. ನಕಾಶೆ ತೆಗೆಸಿ ಅಳೆಸಿದೆವು, ಸಿಕ್ಕಿತು. ಇಲ್ಲೂ ಅಳೆಸಿ.’ ಬೇರೆ ಧರ್ಮದವರೂ ಬರೆದರು, ತಮ್ಮ ಕೇರಿಯ ಸ್ಮಶಾನದ್ದೂ ಇದೇ ಕಥೆ ಎಂದರು. ವಾರದೊಳಗೆ ಕಂದಾಯದ ಅಧಿಕಾರಿಯೊಬ್ಬರ ಕಚೇರಿಯಿಂದ ಉಪದೇಶಿಗೆ ಫೋನು ಬಂತು. ಬರುವ ಗುರುವಾರ ಸಾಹೇಬರೇ ಸರ್ವೇಯರನ್ನು ಕರೆದುಕೊಂಡು ಬರುತ್ತಾರೆ, ಗ್ರಾಮದ ಹಳೆಯ ನಕಾಶೆ ಇಟ್ಟು ಬಂಡಿದಾರಿ ಅಳೆಯುತ್ತಾರೆ. ನಾನು ಕೋಣೆಯಲ್ಲಿ ಒಬ್ಬಳೇ ಚಪ್ಪಾಳೆ ತಟ್ಟಿದೆ.

ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಆ ಹೊಲಿಗೆಯಾಕೆಯ ಫೋನು.

“ಅಕ್ಕಾರ, ಯಾರಾದ್ರೂ ಸಾಯ್ಲಿ ಅಂತ ನಾ ಬರದೀನೇನ್ರಿ? ನನ್ನ ಹೆಸರು ಎಲ್ಲಾ ಕಡಿ ತಿರಗಾಕತ್ಯಾದ.”

ಆಕೆ ಕಳಿಸಿದ ಸ್ಕ್ರೀನ್‌ಶಾಟ್ ನೋಡಿದೆ. ಮೇಲೆ ಯಾರೋ ಸೇರಿಸಿದ ಕೆಂಪು ಅಕ್ಷರ: ‘ಅಧಿಕಾರಿಯೂ ರೈತನೂ ಸಾಯಲೆಂದು ಚರ್ಚಿನವರ ಪ್ರಾರ್ಥನೆ.’ ಕೆಳಗೆ ನಮ್ಮ ಪೇಜು. ಅದರಲ್ಲಿ ಅಜ್ಜಿಯ ಮೂಲ ವಿಡಿಯೋ, ಕತ್ತರಿಸದ್ದು, ಪೂರ್ತಿ. ತಲೆಬರಹ ‘ಅಜ್ಜಿಯ ಪ್ರಾರ್ಥನೆ’. ಅದರ ಕೆಳಗೆ ಸಾಲಾಗಿ ಆಮೆನ್.

ಭಾನುವಾರ ಪೂಜೆ ಮುಗಿದ ಮೇಲೆ ಉಪದೇಶಿ ಅದನ್ನು ಹಾಕಿದ್ದರು. ತರಬೇತಿಯ ದಿನ ಪೇಜಿಗೆ ಹಾಕುವ ಹಕ್ಕನ್ನು ಅವರಿಗೆ ಕೊಟ್ಟವಳು ನಾನೇ. ಅರವತ್ತು ಜನರಲ್ಲಿ ಹೆಚ್ಚುಕಡಿಮೆ ಎಲ್ಲರೂ ಮೊದಲ ಗಂಟೆಯ ನಿಯಮ ಪಾಲಿಸಿದ್ದರು. ಪ್ರಾರ್ಥನೆ ಎಂಬ ತಲೆಬರಹ ನೋಡಿದರು, ವಿಡಿಯೋ ಒತ್ತುವ ಗೋಜಿಗೇ ಹೋಗಲಿಲ್ಲ, ಕೈ ತಾನಾಗಿ ಹಳೆಯ ರೂಢಿಗೆ ಹೋಯಿತು. ದಾರಿ ತಡೆದವರು ಕೆಸರಿನಲ್ಲಿ ಬೀಳಲಿ ಎಂಬ ಮಾತಿಗೆ, ಹಾಗೇ ಆಗಲಿ ಎಂದು ಐವತ್ತೆಂಟು ಜನರ ಸಹಿ.

ಗುರುವಾರಕ್ಕೆ ಮೂರು ದಿನ. ಅಧಿಕಾರಿ ಬರದೇ ಹೋದರೆ ಅಳತೆ ಇಲ್ಲ, ಅಳತೆ ಇಲ್ಲದಿದ್ದರೆ ದಾರಿ ಇಲ್ಲ, ಆ ಅಜ್ಜಿಯನ್ನೂ ಒಂದು ದಿನ ಕೆಸರಿನಲ್ಲೇ ಹೊರಬೇಕು. ಅದಲ್ಲದೆ ಯಾರೋ ಪೊಲೀಸರಿಗೆ ದೂರು ಕೊಡುತ್ತಾರಂತೆ ಎಂಬ ಸುದ್ದಿ ಬೇರೆ. ಬಿಸಿಯೂಟ ಬೇಯಿಸುವ ಹೆಂಗಸರು ಕೆಲಸ ಹೋಗುತ್ತದೆಂದು ಅಳುತ್ತಾ ಫೋನು ಮಾಡತೊಡಗಿದರು. ಮುಂದಿಟ್ಟ ಚಹಾ ಆರಿ ಕೆನೆ ಕಟ್ಟಿತು.

ಮಧ್ಯಾಹ್ನದ ಬಸ್ಸಿಗೆ ಉಪದೇಶಿ ಬಂದರು. ನಾನು ಕೂರಿ ಎಂದೂ ಹೇಳಲಿಲ್ಲ.

“ಏನ್ ಮಾಡೀರಿ ಇದು? ಪೂರ್ತಿ ಕೇಳೀರೇನ್ರಿ ಹಾಕೂ ಮುಂದ?”

“ಕೇಳೀನ್ರಿ. ನೀವು ಆಕಿ ಪ್ರಾರ್ಥನೀನೇ ತಗದುಬಿಟ್ಟಿದ್ರಿ. ದೇವರ ಹೆಸರಿಲ್ದ ಬರೀ ಕಷ್ಟ ತೋರಿಸಿದ್ರ ಹೆಂಗ್ರಿ? ಅದಕ್ಕ ಹಾಕೀನಿ.”

“ಕೊನಿಗೆ ಶಾಪ ಅದಲ್ಲಾ?”

“ಚರ್ಚಿನ್ಯಾಗ ನಾವು ಓದೂ ಪ್ರಾರ್ಥನಿಯೊಳಗ ವೈರಿಗಳಿಗೆ ಇದಕ್ಕಿಂತ ಜೋರು ಅದಾವ್ರಿ, ಅಕ್ಕಾರ. ಅದಕ್ಕೂ ನಾವು ಆಮೆನ್ ಅಂತೀವಿ. ಯಾರೂ ಕೇಸು ಹಾಕಿಲ್ಲ.”

ಅಷ್ಟರಲ್ಲಿ ಫಾದರ್ ಬಂದರು. ಅವರ ಮುಖವೂ ಇಳಿದಿತ್ತು. ಪೇಜು ಮುಚ್ಚಿಬಿಡಿ, ನಾಲ್ಕು ದಿನ ಸುಮ್ಮನಿದ್ದರೆ ಎಲ್ಲಾ ತಣ್ಣಗಾಗುತ್ತದೆ ಎಂದರು. ಉಪದೇಶಿ ಇನ್ನೊಂದು ಉಪಾಯ ತೆಗೆದರು: “ನಮ್ಮ ಪೇಜು ಯಾರೋ ಹ್ಯಾಕ್ ಮಾಡ್ಯಾರ ಅಂತ ಹೇಳಿಬಿಡೂಣು.” ಸತ್ಯ ಹೇಳುತ್ತೇನೆ, ಆ ಮಾತು ಕೇಳಿದಾಗ ನನ್ನ ಎದೆ ಹಗುರಾಯಿತು. ಹ್ಯಾಕ್ ಎಂಬ ಒಂದೇ ಪದಕ್ಕೆ ನಾವೆಲ್ಲ ಪಾರಾಗುತ್ತಿದ್ದೆವು. ಯಾರೂ ಪರೀಕ್ಷೆ ಮಾಡಲು ಬರುತ್ತಿರಲಿಲ್ಲ.

ಮೊದಲು ಯಾರ್‍ಯಾರು ಬರೆದಿದ್ದಾರೆ ನೋಡೋಣ, ಅವರಿಗೆಲ್ಲ ಒಂದೇ ಮಾತು ಹೇಳಿಕೊಡಬೇಕಲ್ಲ ಎಂದು ಹಾಳೆ ತೆಗೆದು ಹೆಸರು ಬರೆಯುತ್ತಾ ಹೋದೆ. ಮಾನ್ವಿಯವರು ಹದಿನೇಳು. ದೇವದುರ್ಗ ಕಡೆಯವರು ಇಪ್ಪತ್ತು. ರಾಯಚೂರಿನವರನ್ನು ಬರೆಯುವಾಗ ಮೂರನೆಯ ಸಾಲಿನಲ್ಲಿ ಪೆನ್ನು ನಿಂತಿತು.

ಮೂರನೆಯ ಹೆಸರು ನನ್ನದು. ನನ್ನ ಫೋಟೋ, ನನ್ನ ಹೆಸರು, ಮುಂದೆ ‘ಆಮೆನ್’, ಮುಗಿದ ಕೈಗಳು.

ನೆನಪಾಯಿತು. ಭಾನುವಾರ ಮಾನ್ವಿಯಿಂದ ಬಸ್ಸಿನಲ್ಲಿ ಬರುತ್ತಿದ್ದೆ, ನಿಂತುಕೊಂಡು, ಒಂದು ಕೈಲಿ ಕಂಬಿ. ಫೋನು ಗುಣುಗುಟ್ಟಿತು. ಅಜ್ಜಿಯ ಪ್ರಾರ್ಥನೆ ಎಂದು ಕಂಡಿತು. ಪಾಪ, ಉಪದೇಶಿ ಏನೋ ಹಾಕಿದ್ದಾರೆ, ಮೊದಲ ಗಂಟೆ ಮೀರಬಾರದು ಎಂದು ಹೆಬ್ಬೆಟ್ಟಿನಲ್ಲಿ ಒತ್ತಿದ್ದೆ. ಶಾಲೆಯಲ್ಲಿ ಕನ್ನಡ ಕಲಿಸಿ ಬಂದವಳು, ಆ ಪದ ಬರೆಯಬೇಡಿ ಎಂದು ಅರವತ್ತು ಜನರನ್ನು ನಗಿಸಿದವಳು, ಒತ್ತಿದ್ದು ಅದನ್ನೇ.

ನಾಚಿಕೆಯಿಂದ ಕುಗ್ಗಿಹೋದೆ. ಉಪದೇಶಿಗೆ ಹಾಳೆ ತೋರಿಸಿದೆ. ಅವರು ಕನ್ನಡಕ ಏರಿಸಿ ನೋಡಿದರು. ಅವರು ಚುಚ್ಚಬಹುದಿತ್ತು, ಚುಚ್ಚಲಿಲ್ಲ. “ನೀವೂ ಕೇಳಿದ್ದಿಲ್ಲೇನ್ರಿ?” ಎಂದರು, ಅಷ್ಟೇ. ಇಲ್ಲ ಎಂದೆ.

ಅಲ್ಲಿಗೆ ಹ್ಯಾಕಿನ ಮಾತು ನನ್ನ ಮಟ್ಟಿಗೆ ಮುಗಿಯಿತು. ನನ್ನ ಫೋನನ್ನು ಯಾರೂ ಕದ್ದಿರಲಿಲ್ಲ. ಫಾದರ್‌ಗೆ ಹೇಳಿದೆ: ವಿಡಿಯೋ ಅಲ್ಲೇ ಇರಲಿ, ಆಮೆನ್‌ಗಳೂ ಅಲ್ಲೇ ಇರಲಿ. ಒಂದನ್ನು ಅಳಿಸಿದರೂ ನಾವು ಮುಚ್ಚಿಟ್ಟ ಹಾಗಾಗುತ್ತದೆ, ಸ್ಕ್ರೀನ್‌ಶಾಟ್ ಬೈಯುವವರ ಕೈಯಲ್ಲಿ ಇದ್ದೇ ಇದೆ. ಬರೆದ ಪ್ರತಿಯೊಬ್ಬರೂ ತಮ್ಮ ಆಮೆನ್ನಿನ ಕೆಳಗೇ, ತಮ್ಮ ಹೆಸರಿನಲ್ಲೇ, ಏನಾಯಿತೆಂದು ಬರೆಯಲಿ. ಫಾದರ್ “ಇನ್ನೂ ಕೆಡಬಹುದು” ಎಂದರು. ಕೆಡಬಹುದು ಎಂದು ನನಗೂ ಗೊತ್ತಿತ್ತು. “ಮೊದಲು ನೀವು ಬರೆಯಿರಿ” ಎಂದರು.

ಬರೆದೆ. ‘ನಾನು ಈ ವಿಡಿಯೋ ಕೇಳದೆ ಆಮೆನ್ ಬರೆದೆ. ಬಸ್ಸಿನಲ್ಲಿದ್ದೆ, ಅವಸರದಲ್ಲಿದ್ದೆ. ಅಜ್ಜಿಯ ಮಾತನ್ನು ರೆಕಾರ್ಡ್ ಮಾಡಿದವಳೂ ನಾನೇ. ಆಕೆಯ ಗಂಡನ ಪೆಟ್ಟಿಗೆ ಈ ಗದ್ದೆಯಲ್ಲಿ ಬಿದ್ದದ್ದು ನಿಜ. ಬೇರೆ ಯಾರ ಹೆಣವೂ ಬೀಳುವುದು ನನಗೆ ಬೇಡ. ಅಧಿಕಾರಿಗಳ, ಗದ್ದೆಯ ಯಜಮಾನರ ಕ್ಷಮೆ ಕೇಳುತ್ತೇನೆ. ದಾರಿ ಅಳೆಯಿರಿ ಎಂಬ ಕೋರಿಕೆ ಹಾಗೇ ಇದೆ.’

ಆಮೇಲೆ ಒಬ್ಬೊಬ್ಬರಿಗೂ ಫೋನು. ಐವತ್ತೇಳು ಫೋನು. ಸಂಜೆಯ ಹೊತ್ತಿಗೆ ಉತ್ತರಗಳು ಬರತೊಡಗಿದವು, ನೋಡಿದರೆ ಹದಿನಾಲ್ಕು ಜನ ನನ್ನದನ್ನೇ ನಕಲು ಮಾಡಿ ಹಾಕಿದ್ದಾರೆ. ‘ಬಸ್ಸಿನಲ್ಲಿದ್ದೆ’ ಎಂಬುದನ್ನೂ ಬಿಟ್ಟಿಲ್ಲ. ಒಂದೇ ಬಸ್ಸಿನಲ್ಲಿ ಹದಿನೈದು ಜನ. ನಾನು ತಲೆ ಹಿಡಿದು ಕೂತೆ. ಮತ್ತೆ ಫೋನು ಮಾಡಿ, ಬೈದು, ತಪ್ಪಾಯಿತೆಂದು ದನಿ ಇಳಿಸಿ, ನಿಮ್ಮ ಬಾಯಲ್ಲಿ ಬಂದದ್ದನ್ನೇ ಬರೆಯಿರಿ, ಕಾಗುಣಿತ ತಪ್ಪಿದರೂ ಇರಲಿ ಎಂದೆ. ಜೀವಮಾನದಲ್ಲಿ ನಾನು ಕಾಗುಣಿತ ಬಿಟ್ಟುಕೊಟ್ಟದ್ದು ಅದೊಂದೇ ಸಲ.

ಮಂಗಳವಾರ ಇಡೀ ದಿನ ಬಂದವು. ಒಬ್ಬಾಕೆ: ‘ರೊಟ್ಟಿ ಬಡೀತಿದ್ದೆ, ಮಗಳು ಪ್ರಾರ್ಥನಿ ಬಂದದ ಅಂದ್ಲು, ಆಮೆನ್ ಹಾಕು ಅಂದೆ.’ ಇನ್ನೊಬ್ಬರು: ‘ನನಗ ಓದಾಕ ಬರಲ್ಲ. ಯಾರೂ ಸಾಯಬಾರದು. ನಮ್ಮವ್ವನ ಮಣ್ಣಿಗೂ ಕೆಸರಿನ್ಯಾಗೇ ಹೋಗೀವಿ. ದಾರಿ ಬೇಕು.’ ಹೊಲಿಗೆಯಾಕೆ: ‘ಕೇಳದೆ ಬರೆದದ್ದು ನನ್ನ ತಪ್ಪು. ಕೇಳಿದ್ದರೆ ಅಜ್ಜಿಗೆ ಹೇಳುತ್ತಿದ್ದೆ, ಹಂಗ ಅನಬ್ಯಾಡ ಯವ್ವಾ ಅಂತ.’ ತರಬೇತಿಯಲ್ಲಿ ನಾನು ಎಷ್ಟು ಬಡಿದುಕೊಂಡರೂ ಬರೆಯದವರು ಈಗ ಬರೆಯುತ್ತಿದ್ದರು. ಬೈಗುಳವೂ ಬಂತು. ನಾಟಕ ಎಂದರು, ಯಾರೋ ಕಲಿಸಿಕೊಟ್ಟಿದ್ದು ಎಂದರು. ಯಾರೂ ತಿರುಗಿ ಬೈಯಬಾರದೆಂದು ಹೇಳಿದ್ದೆ. ಕೆಲವರು ತಡೆದುಕೊಳ್ಳಲಾರದೆ ನನಗೆ ಫೋನು ಮಾಡಿ ಅತ್ತರು.

ಅಧಿಕಾರಿಯ ಕಚೇರಿಯಿಂದ ಮಾತ್ರ ಸುದ್ದಿಯಿಲ್ಲ. ಬುಧವಾರ ನಾನೇ ಹೋದೆ, ಎಲ್ಲ ಬರಹಗಳ ಪ್ರಿಂಟು ಹಿಡಿದುಕೊಂಡು. ಬೆಂಚಿನ ಮೇಲೆ ಎರಡು ತಾಸು. ಆಮೇಲೆ ಅಧಿಕಾರಿ ಒಳಗೆ ಕರೆದರು. ಅವರು ಹೊರಗಿನ ಜಿಲ್ಲೆಯವರು, ನಡುವಯಸ್ಸು, ಮುಖದಲ್ಲಿ ಏನೂ ಓದಲಾಗದು. ಪ್ರಿಂಟು ತೆಗೆದುಕೊಂಡು ಪಕ್ಕಕ್ಕಿಟ್ಟರು.

“ಮನೆಯಲ್ಲಿ ನನ್ನ ಹೆಂಡತಿ ಆ ವಿಡಿಯೋ ನೋಡಿದಳು” ಎಂದರು. “ಎರಡು ದಿನದಿಂದ ನನ್ನನ್ನು ಜೀಪ್ ಹತ್ತಬೇಡಿ ಅನ್ನುತ್ತಿದ್ದಾಳೆ.”

ನಾನು ಕ್ಷಮೆ ಕೇಳಿದೆ. ನಾಳೆ ಬರುತ್ತೀರಾ ಎಂದು ಕೇಳಿದೆ. “ನೋಡೋಣ” ಎಂದರು, ಬೇರೆ ಫೈಲು ಎಳೆದುಕೊಂಡರು.

ಗುರುವಾರ ಹತ್ತಕ್ಕೇ ನಾವು ಗದ್ದೆಯ ಅಂಚಿನಲ್ಲಿದ್ದೆವು. ಭತ್ತ ಆಗಷ್ಟೇ ತೆನೆ ಬಿಡುತ್ತಿತ್ತು. ಊರಿನ ನಮ್ಮವರು ಒಂದು ಕಡೆ. ಗದ್ದೆಯ ಯಜಮಾನ ತನ್ನ ಇಬ್ಬರು ತಮ್ಮಂದಿರ ಜೊತೆ ಇನ್ನೊಂದು ಕಡೆ, ಹಣೆಯಲ್ಲಿ ವಿಭೂತಿ, ಕೈ ಕಟ್ಟಿಕೊಂಡು. ಅಜ್ಜಿ ಬದುವಿನ ಮೇಲೆ ಕೂತು ಹುಲ್ಲು ಕೀಳುತ್ತಿದ್ದಳು. ಆಕೆಗೆ ಈ ಗದ್ದಲವನ್ನೆಲ್ಲ ಉಪದೇಶಿ ಹೇಳಿದ್ದರು. ಹನ್ನೊಂದಾಯಿತು. ಹನ್ನೆರಡಾಯಿತು. ಕಾಲುವೆಯ ರಸ್ತೆಯಲ್ಲಿ ಒಂದೊಂದು ಗಾಡಿಯ ಸದ್ದಾದಾಗಲೂ ನಾನು ಕತ್ತೆತ್ತಿ ನೋಡುತ್ತಿದ್ದೆ. ಹನ್ನೆರಡೂವರೆಗೆ ಜೀಪು ಬಂತು.

ಸರ್ವೇಯರ್ ಮೂರು ಊರುಗಳ ಗಡಿ ಸೇರುವ ಕಲ್ಲನ್ನು ಹುಡುಕಿ ಅಲ್ಲಿಂದ ಶುರು ಮಾಡಿದ. ನಕಾಶೆಯಲ್ಲಿ ಬಂಡಿದಾರಿ ಚುಕ್ಕಿ ಚುಕ್ಕಿಯಾಗಿ ಇತ್ತು. ಅಳತೆಯ ಕೋಲು ಗದ್ದೆಯೊಳಗೆ ಹೋಯಿತು, ತೆನೆಗಳ ನಡುವೆ ಅವನ ಸೊಂಟದ ಮೇಲಿನ ಮೈ ಮಾತ್ರ ಕಾಣುತ್ತಿತ್ತು. ಒಂದು ಕಡೆ ಲೆಕ್ಕ ಕೂಡಲಿಲ್ಲ, ಮತ್ತೆ ಕಲ್ಲಿನಿಂದ ಹಿಡಿದ. ಆ ಹೊತ್ತಿನಲ್ಲಿ ಅಧಿಕಾರಿ ಸುಮ್ಮನೆ ನಡೆದು ಬಂದು ಅಜ್ಜಿಯ ಮುಂದೆ ನಿಂತರು. ನಾನು ಹತ್ತಿರವೇ ಇದ್ದೆ. ಫೋನು ಕೈಯಲ್ಲಿತ್ತು, ಚೀಲಕ್ಕೆ ಹಾಕಿದೆ.

“ಅಜ್ಜಿ, ನಾನು ಕೆಸರಲ್ಲಿ ಬೀಳಲಿ ಅಂತ ಬೇಡಿಕೊಂಡೆಯಂತೆ?”

ಹಾಗಲ್ಲ ಸಾಹೇಬರೇ ಎಂದು ಉಪದೇಶಿ ಮುಂದೆ ಬಂದರು. ಅಜ್ಜಿ ಕೈ ಎತ್ತಿ ತಡೆದಳು.

“ಬೇಡೀನ್ರಿ ಯಪ್ಪಾ. ನಿಮ್ಮನ್ನ ನೋಡಿದ್ದಿಲ್ಲ. ನೋಡಿದ್ರ ಬೇಡತಿದ್ದಿಲ್ಲ.”

ಆಮೇಲೆ ಗದ್ದೆಯ ಯಜಮಾನನ ಕಡೆ ತಿರುಗಿದಳು. ನೆಲಕ್ಕೆ ಕೈ ಊರಿ ಎದ್ದಳು.

“ನಿನ್ನ ನೋಡೀನಿ. ಸಣ್ಣಾಂವ ಇದ್ದಾಗ ನಿಮ್ಮವ್ವ ನನ್ನ ಮಗ್ಗಲಕ ಮಲಗಿಸಿ ಕಳೀ ತಗ್ಯಾಕ ಹೋಗತಿದ್ಲು. ನಿನಗ ಬೇಡಬಾರದಿತ್ತು. ತಪ್ಪಾತು ನಂದು.”

ಆತ ಕಟ್ಟಿದ ಕೈ ಬಿಚ್ಚಿದ. ಸರ್ವೇಯರ್ ಗದ್ದೆಯ ನಡುವಿನಿಂದ ಕೂಗಿದ, ದಾರಿ ಸಿಕ್ಕಿತೆಂದು. ಬದುವಿನಿಂದ ಎಂಟು ಹೆಜ್ಜೆ ಒಳಗೆ, ಬಂಡಿ ಹೋಗುವಷ್ಟು ಅಗಲ, ಸಮಾಧಿ ಜಾಗದವರೆಗೂ ನೆಟ್ಟಗೆ. ಗುರುತಿನ ಕಲ್ಲು ಹುಗಿದರು. ಕಾಗದ ಬರೆದರು. ದಾರಿ ಬಿಡಲೇಬೇಕೆಂದು ಅಧಿಕಾರಿ ಯಜಮಾನನಿಗೆ ತಿಳಿಸಿದರು. ಆತ ಕಾಗದ ಓದಿದ, ಸಹಿ ಹಾಕಿದ.

“ದಾರಿ ಇದ್ದದ್ದು ಖರೆ. ನಮ್ಮಪ್ಪ ಹೇಳತಿದ್ದ” ಎಂದ. “ಬೆಳಿ ನಿಂತದರಿ. ಕೊಯ್ದ ಮ್ಯಾಲ ಬಿಡ್ತೀನಿ. ಒಂದೂವರಿ ತಿಂಗಳು.”

ನಾನು ಗಾಬರಿಯಾಗಿ ಅಧಿಕಾರಿಯನ್ನು ನೋಡಿದೆ. ನಿಂತ ಬೆಳೆ ತುಳಿಸಲು ಬರುವುದಿಲ್ಲ ಎಂದರು. ಅಷ್ಟರೊಳಗೆ ಏನಾದರೂ ಆದರೆ ಎಂದು ನಾನು ಬಾಯಿ ಬಿಟ್ಟೆ, ಮುಂದೆ ಹೇಳಲಾಗಲಿಲ್ಲ. ಆಕೆ ಎದುರಿಗೇ ಇದ್ದಳು. ಅಜ್ಜಿಯೇ ಮಾತಾಡಿದಳು, ಯಜಮಾನನಿಗೆ.

“ಕೊಯ್ಕೋ ಮಗಾ. ಅಲ್ಲೀಮಟ ನಾ ಸಾಯಂಗಿಲ್ಲ ತಗೋ.”

ಆತ ನಕ್ಕ. ಅಧಿಕಾರಿಯೂ ನಕ್ಕರು. ನನಗೆ ನಗು ಬರಲಿಲ್ಲ.

ಇದನ್ನು ಬರೆಯುವ ಹೊತ್ತಿಗೆ ಕೊಯ್ಲಿಗೆ ಇನ್ನೂ ಹದಿನೆಂಟು ದಿನ ಇದೆ. ಮೊನ್ನೆ ಅಜ್ಜಿಗೆ ಜ್ವರ ಬಂದಿತ್ತು, ಎರಡು ದಿನ ಗಂಜಿ ಬಿಟ್ಟು ಏನೂ ತಿನ್ನಲಿಲ್ಲ ಎಂದು ಉಪದೇಶಿ ಹೇಳಿದರು. ಅಂದಿನಿಂದ ದೇವದುರ್ಗ ಕಡೆಯ ಯಾವ ನಂಬರ್ ಬಂದರೂ ಅದು ಅಜ್ಜಿಯ ಸಾವಿನ ಸುದ್ದಿಯೇ ಇರಬೇಕು ಅನಿಸುತ್ತದೆ. ಅದಕ್ಕೇ ಈಗ ದಿನವೂ ಬೆಳಿಗ್ಗೆ ನಾನೇ ಫೋನು ಮಾಡುತ್ತೇನೆ. ಪಕ್ಕದ ಮನೆಯವರು ತಮ್ಮ ಫೋನು ಒಯ್ದು ಅಜ್ಜಿಗೆ ಕೊಡುತ್ತಾರೆ. ಅಜ್ಜಿಗೆ ನನ್ನ ಜೊತೆ ಹರಟಲು ಪುರಸೊತ್ತಿಲ್ಲ, ಹೇಗಿದ್ದೀ ಎಂದು ಕೇಳಲೂ ಬಿಡುವುದಿಲ್ಲ.

“ಅದೀನ್ರಿ, ಇಡ್ರಿ” ಅನ್ನುತ್ತಾಳೆ.